ಹೆಸರು ಸಿಗದ ಹೆಣಗಳ ಹಿಂದೆ ಹೋದವರು

ಪೇಪರಿನ ಒಳಪುಟದ ಮೂಲೆಯಲ್ಲಿ ಈ ಥರದ ಸುದ್ದಿಯನ್ನು ನೀವು ನೂರು ಸಲ ನೋಡಿರುತ್ತೀರಿ. ‘ಅಪರಿಚಿತ ಮಹಿಳೆಯ ಶವ ಪತ್ತೆ. ವಯಸ್ಸು ಸುಮಾರು 30, ಎತ್ತರ 5 ಅಡಿ 2 ಇಂಚು, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಹಸಿರು ಸೀರೆ, ಹಸಿರು ರವಿಕೆ ಧರಿಸಿದ್ದಾರೆ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬಹುದು.’ ಕೆಳಗೆ ಠಾಣೆಯ ಫೋನ್ ನಂಬರ್. ಅಷ್ಟೇ.

ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು ಅಂದರೆ ನಮ್ಮ ರಾಜ್ಯದ ಅರ್ಧ ಹೆಂಗಸರು ಅದರೊಳಗೆ ಬಂದುಬಿಡುತ್ತಾರೆ. ಓದಿದವರು ಪುಟ ತಿರುಗಿಸುತ್ತಾರೆ. ನಾಲ್ಕು ದಿನ ಶವಾಗಾರದಲ್ಲಿಟ್ಟು, ಯಾರೂ ಬರದಿದ್ದರೆ ನಗರಸಭೆಯವರಿಂದ ಮಣ್ಣು ಮಾಡಿಸುತ್ತಾರೆ. ಠಾಣೆಯಲ್ಲಿ ಒಂದು ಯುಡಿಆರ್ ಕಡತ ಉಳಿಯುತ್ತದೆ. ಯುಡಿಆರ್ ಅಂದರೆ ಅಸಹಜ ಸಾವಿನ ವರದಿ. ಮೊದಲು ಸಿಆರ್‌ಪಿಸಿಯ 174ನೇ ಕಲಂ ಕೆಳಗೆ ದಾಖಲಾಗುತ್ತಿತ್ತು, 2024ರ ಜುಲೈ 1ರಿಂದ ಹೊಸ ಕಾನೂನಿನ 194ನೇ ಕಲಂ. ಕಲಂ ಬದಲಾದರೂ ಕಡತ ಸೇರುವ ಜಾಗ ಅದೇ ಹಳೇ ಬೀರು.

ಆ ನಾಲ್ಕು ಸಾಲಿನ ಹಿಂದೆ ಒಂದು ಕೊಲೆ ಇದ್ದರೆ? ಕೊಲೆ ಕೇಸಿನಲ್ಲಿ ಪೊಲೀಸರ ಮೊದಲ ಪ್ರಶ್ನೆ, ಸತ್ತವರು ಕೊನೆಯ ಸಲ ಯಾರ ಜೊತೆ ಇದ್ದರು ಅನ್ನುವುದು. ಸತ್ತವರು ಯಾರು ಅನ್ನುವುದೇ ಗೊತ್ತಿಲ್ಲದಿದ್ದರೆ ಆ ಪ್ರಶ್ನೆಯನ್ನು ಯಾರ ಮನೆ ಬಾಗಿಲಿಗೆ ಹೋಗಿ ಕೇಳುವುದು? ಇದನ್ನು ಚೆನ್ನಾಗಿ ತಿಳಿದುಕೊಂಡು ಲೆಕ್ಕ ಹಾಕಿ ಕೊಂದವನೊಬ್ಬ ನಮ್ಮ ರಾಜ್ಯದಲ್ಲೇ ಇದ್ದ.

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಬರಿಮಾರು ಗ್ರಾಮದ ಯುವತಿಯೊಬ್ಬರು 2009ರ ಜೂನ್‌ನಲ್ಲಿ ಕಾಣೆಯಾದರು. ಬೇರೆ ಧರ್ಮದ ಹುಡುಗನ ಜೊತೆ ಹೋಗಿದ್ದಾಳೆ ಎಂದು ಗುಲ್ಲೆದ್ದಿತು. ಜನ ಠಾಣೆಯ ಮುಂದೆ ಸೇರಿದರು, ಪ್ರತಿಭಟನೆ ಜೋರಾಯಿತು. ಗುಲ್ಲು ಸುಳ್ಳು ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಗಲಾಟೆಯ ಒತ್ತಡಕ್ಕೆ ಪೊಲೀಸರು ಒಂದು ‘ಹುಡುಗಿ ನಾಪತ್ತೆ’ ಕೇಸಿನಲ್ಲಿ ಸಾಮಾನ್ಯವಾಗಿ ಮಾಡದಷ್ಟು ಕೆಲಸ ಮಾಡಿದರು. ಫೋನ್ ಕರೆಗಳ ಪಟ್ಟಿ ತೆಗೆಸಿ ಒಂದೊಂದೇ ನಂಬರಿನ ಹಿಂದೆ ಹೋದರು.

ಅಲ್ಲಿ ಅವರಿಗೆ ಸಿಕ್ಕಿದ್ದು ವಿಚಿತ್ರ. ಆ ಯುವತಿ ಹೆಚ್ಚು ಮಾತಾಡಿದ ನಂಬರ್ ಯಾರದು ಎಂದು ನೋಡಿದರೆ ಇನ್ನೊಬ್ಬ ಹೆಣ್ಣುಮಗಳದು. ಆಕೆಯೂ ಕಾಣೆ. ಆಕೆಯ ಕರೆಪಟ್ಟಿ ನೋಡಿದರೆ ಮತ್ತೊಬ್ಬಳ ನಂಬರ್, ಆಕೆಯೂ ಮನೆ ಬಿಟ್ಟು ಹೋದವಳು ವಾಪಸ್ ಬಂದಿಲ್ಲ. ಒಬ್ಬಳ ಸಿಮ್ ಇಟ್ಟುಕೊಂಡು ಇನ್ನೊಬ್ಬಳಿಗೆ ಕರೆ ಮಾಡುತ್ತಿದ್ದವನು ಒಬ್ಬನೇ. ಜಾಡು ಮಂಗಳೂರು ಹತ್ತಿರದ ದೇರಳಕಟ್ಟೆ ಕಡೆ ಹೋಗಿ ನಿಂತಿತು. 2009ರ ಅಕ್ಟೋಬರ್‌ನಲ್ಲಿ ಮೋಹನ್ ಕುಮಾರ್ ಎಂಬ ಮಾಜಿ ಪ್ರಾಥಮಿಕ ಶಾಲೆ ಮೇಷ್ಟ್ರು ಸಿಕ್ಕಿಬಿದ್ದ. ‘ಸಯನೈಡ್ ಮೋಹನ್’ ಎಂದರೆ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುತ್ತದೆ. ಅವನ ಮೇಲೆ ಬಂದದ್ದು 20 ಹೆಣ್ಣುಮಕ್ಕಳ ಕೊಲೆ ಕೇಸು.

ಅವನ ಬಗ್ಗೆ ಟಿವಿಯವರು ಬೇಕಾದಷ್ಟು ಮಾಡಿದ್ದಾರೆ. ಕೊಂದವನ ಬುದ್ಧಿ ಹೇಗಿತ್ತು ಅನ್ನುವುದರಲ್ಲಿ ನನಗೆ ಆಸಕ್ತಿ ಕಡಿಮೆ. ಅಷ್ಟು ವರ್ಷ ಅಷ್ಟು ಹೆಣಗಳು ಹೆಸರಿಲ್ಲದೆ ಹೇಗೆ ಉಳಿದವು ಅನ್ನುವುದು ನನ್ನ ಪ್ರಶ್ನೆ.

ಅವನು ಆರಿಸಿಕೊಳ್ಳುತ್ತಿದ್ದದ್ದು ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಬಡವರ ಮನೆ ಹೆಣ್ಣುಮಕ್ಕಳನ್ನು. ಅವರದೇ ಜಾತಿಯ ಹೆಸರು ಹೇಳಿಕೊಂಡು, ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎನ್ನುತ್ತಿದ್ದ. ಇದ್ದಬದ್ದ ಒಡವೆ ಹಾಕಿಕೊಂಡು ಬಾ ಎಂದು ದೂರದ ಊರಿಗೆ ಕರೆದುಕೊಂಡು ಹೋಗಿ ಲಾಡ್ಜಿನಲ್ಲಿ ಇಳಿಸುತ್ತಿದ್ದ. ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಡಿಸಿ ಬಸ್ ಸ್ಟ್ಯಾಂಡಿಗೆ ಕರೆತರುತ್ತಿದ್ದ. ಗರ್ಭ ನಿಲ್ಲದಿರಲು ಎಂದು ಗುಳಿಗೆ ಕೊಟ್ಟು, ಶೌಚಾಲಯದ ಒಳಗೆ ಹೋಗಿ ನುಂಗು ಎನ್ನುತ್ತಿದ್ದ. ಗುಳಿಗೆಯಲ್ಲಿ ಸಯನೈಡ್. ಅಕ್ಕಸಾಲಿಗ ಎಂದು ಹೇಳಿಕೊಂಡು ಅದನ್ನು ಕೊಂಡಿದ್ದ. ಆಮೇಲೆ ಲಾಡ್ಜಿಗೆ ಮರಳಿ ಒಡವೆ ತೆಗೆದುಕೊಂಡು ಊರಿನ ಬಸ್ ಹತ್ತುತ್ತಿದ್ದ.

ಈಗ ಆ ಬಸ್ ಸ್ಟ್ಯಾಂಡಿನ ಪೊಲೀಸರ ಕಣ್ಣಿನಲ್ಲಿ ನೋಡಿ. ಶೌಚಾಲಯದ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಒಡೆದು ನೋಡಿದರೆ ಒಬ್ಬ ಹೆಂಗಸು ಸತ್ತು ಬಿದ್ದಿದ್ದಾಳೆ. ಮೈಮೇಲೆ ಗಾಯವಿಲ್ಲ, ಜೊತೆಗೆ ಯಾರೂ ಇಲ್ಲ, ಗುರುತಿನ ಚೀಟಿ ಇಲ್ಲ. ವಿಷ ಕುಡಿದು ಸತ್ತಿರಬೇಕು. ಒಂದು ಯುಡಿಆರ್, ಒಂದು ಪಂಚನಾಮೆ, ಒಂದು ಫೋಟೊ, ಪೇಪರಿಗೆ ನಾಲ್ಕು ಸಾಲು. ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ, ಹೀಗೆ ಊರು ಬೇರೆ, ಠಾಣೆ ಬೇರೆ. ಆದರೆ ಮೈಸೂರಿನ ಒಂದೇ ಬಸ್ ನಿಲ್ದಾಣದಲ್ಲಿ ಒಂದೇ ರೀತಿಯಲ್ಲಿ ಒಂದಾದಮೇಲೊಂದು ಹೆಣ ಸಿಕ್ಕರೂ ಯಾರೂ ಅವುಗಳನ್ನು ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಇದಕ್ಕೆ ಊರು ದೂರ ಅನ್ನುವ ನೆಪವೂ ಇಲ್ಲ.

ಇತ್ತ ಕರಾವಳಿಯ ಮನೆಗಳಲ್ಲಿ? ಹುಡುಗಿ ಯಾರನ್ನೋ ಮದುವೆಯಾಗಿ ಹೋದಳು, ಎಲ್ಲೋ ಸುಖವಾಗಿರಲಿ ಎಂದುಕೊಂಡವರು ಕೆಲವರು. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡವರು ಕೆಲವರು. ದೂರು ಕೊಟ್ಟರೂ ‘ಓಡಿಹೋದ ಕೇಸು’ ಎಂದು ಬದಿಗಿಟ್ಟದ್ದೂ ಉಂಟು. ಹೀಗೆ ಒಂದು ಜಿಲ್ಲೆಯಲ್ಲಿ ಹೆಸರಿದ್ದು ಹೆಣವಿಲ್ಲ, ಇನ್ನೊಂದು ಜಿಲ್ಲೆಯಲ್ಲಿ ಹೆಣವಿದ್ದು ಹೆಸರಿಲ್ಲ. ಎರಡೂ ಕಡತ ಒಂದೇ ರಾಜ್ಯದ, ಒಂದೇ ಇಲಾಖೆಯವು.

ಇದರಲ್ಲಿ ನಮ್ಮ ಕಸುಬಿನ ಪಾಲೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಪತ್ರಿಕೆಗಳು ಜಿಲ್ಲೆಗೊಂದು ಪುಟ ಮಾಡಿದ ಮೇಲೆ ಮೈಸೂರಿನ ನಾಲ್ಕು ಸಾಲು ಮೈಸೂರಿನ ಪುಟದಲ್ಲೇ ಉಳಿಯುತ್ತದೆ. ಬಂಟ್ವಾಳದ ಮನೆಗೆ ಬರುವುದು ಮಂಗಳೂರಿನ ಪುಟ. ‘ವಾರಸುದಾರರು ಸಂಪರ್ಕಿಸಿ’ ಎಂಬ ಕರೆ ವಾರಸುದಾರರು ಇಲ್ಲದ ಜಿಲ್ಲೆಯಲ್ಲೇ ಅಚ್ಚಾಗುತ್ತದೆ. ನಮ್ಮೂರಿನ ಸುದ್ದಿಗೆ ಜಾಗ ಸಿಕ್ಕಿತು ಎಂದು ನಾವೆಲ್ಲ ಮೆಚ್ಚಿದ ಏರ್ಪಾಡು ಇದೇ.

ಅದೇ ಊರುಪುಟ ಒಂದು ಕಾಲದಲ್ಲಿ ಕೊಲೆಗಾರನನ್ನು ಹಿಡಿಸಿಕೊಟ್ಟಿತ್ತು. ಅದಕ್ಕೆ 1935ಕ್ಕೆ, ಬ್ರಿಟನ್ನಿಗೆ ಹೋಗಬೇಕು. ಅಪರಿಚಿತ ಶವದ ಗುರುತು ಹಿಡಿಯುವ ವಿದ್ಯೆಯ ಚರಿತ್ರೆಯಲ್ಲಿ ಇದು ದೊಡ್ಡ ಕೇಸು. ಅದರ ನಡುವೆ ನಿಂತವನು ನಮ್ಮ ದೇಶದಲ್ಲೇ ಹುಟ್ಟಿದವನು.

ಆ ವರ್ಷ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಾಟ್ ಎಂಬ ಊರಿನ ಹತ್ತಿರ ಸೇತುವೆ ಮೇಲೆ ಹೋಗುತ್ತಿದ್ದ ಹೆಂಗಸೊಬ್ಬಳು ಕೆಳಗಿನ ಹಳ್ಳದ ಕಡೆ ಬಗ್ಗಿ ನೋಡಿದಳು. ಬಟ್ಟೆ, ಪೇಪರಿನಲ್ಲಿ ಸುತ್ತಿದ ಗಂಟುಗಳು. ಪೊಲೀಸರು ಬಿಚ್ಚಿದಾಗ ಸಿಕ್ಕಿದ್ದು ಎರಡು ದೇಹಗಳ ತುಂಡುಗಳು. ಕೊಂದವನು ಕಸುಬುದಾರನಂತೆ ಕತ್ತರಿಸಿದ್ದ, ಮುಖದ ಗುರುತು ಅಳಿಸಿದ್ದ, ಬೆರಳ ತುದಿಗಳನ್ನು ತೆಗೆದಿದ್ದ. ಹೆಸರು ಸಿಗಬಾರದು ಎಂಬುದೇ ಅವನ ಉದ್ದೇಶ.

ಆದರೆ ಸುತ್ತಿದ ಪೇಪರನ್ನು ಅವನು ನೋಡಿರಲಿಲ್ಲ. ಅದು ‘ಸಂಡೇ ಗ್ರಾಫಿಕ್’ ಪತ್ರಿಕೆಯ ಸೆಪ್ಟೆಂಬರ್ 15ರ ಸಂಚಿಕೆ. ಅದರಲ್ಲೂ ಇಂಗ್ಲೆಂಡಿನ ಮೋರ್‌ಕಂ, ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಮಾರಲೆಂದು, ಅಲ್ಲಿನ ಉತ್ಸವದ ಸುದ್ದಿ ಹಾಕಿ ಅಚ್ಚು ಮಾಡಿದ ಊರುಪುಟ. ಸ್ಕಾಟ್ಲೆಂಡಿನಲ್ಲಿ ಅದು ಸಿಗುವ ಹಾಗೇ ಇರಲಿಲ್ಲ. ಪೊಲೀಸರು ಲ್ಯಾಂಕಾಸ್ಟರ್ ಕಡೆ ಯಾರು ಕಾಣೆಯಾಗಿದ್ದಾರೆ ಎಂದು ನೋಡಿದರು. ಅಲ್ಲಿನ ಡಾಕ್ಟರ್ ಬಕ್ ರಕ್ಸ್‌ಟನ್ ಮನೆಯಿಂದ ಇಬ್ಬರು ಕಾಣೆಯಾಗಿದ್ದರು: ಹೆಂಡತಿಯಂತೆ ಜೊತೆಯಲ್ಲಿದ್ದ ಇಸಬೆಲ್ಲಾ ಮತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮೇರಿ ರೋಜರ್ಸನ್. ಈ ಡಾಕ್ಟರು ಮುಂಬೈಯ ಪಾರ್ಸಿ. ಅಲ್ಲಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿದ್ದ.

ದೇಹಗಳು ಅವರಿಬ್ಬರದೇ ಎಂದು ರುಜುವಾತು ಮಾಡಬೇಕಲ್ಲ? ಎಡಿನ್‌ಬರೋ, ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರೊಫೆಸರರು ಕೆಲಸಕ್ಕಿಳಿದರು. ತುಂಡುಗಳನ್ನು ಜೋಡಿಸಿ ಎರಡು ದೇಹ ಬೇರೆ ಮಾಡಿದರು. ಇಸಬೆಲ್ಲಾಳ ಹಳೆಯ ಫೋಟೊವನ್ನು ದೊಡ್ಡದು ಮಾಡಿ, ತಲೆಬುರುಡೆಯನ್ನು ಅದೇ ಕೋನದಲ್ಲಿಟ್ಟು ಫೋಟೊ ತೆಗೆದು, ಒಂದರ ಮೇಲೊಂದು ಇಟ್ಟು ನೋಡಿದರು. ಕಣ್ಣಿನ ಗುಳಿ, ಮೂಗು, ದವಡೆ ಕೂಡಿಬಂದವು. ಇಂದಿಗೂ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಅದೇ. ಹುಳುಗಳ ಬೆಳವಣಿಗೆ ನೋಡಿ ಸತ್ತು ಎಷ್ಟು ದಿನವಾಯಿತು ಎಂದೂ ಲೆಕ್ಕ ಹಾಕಿದರು.

ಪುಸ್ತಕಗಳಲ್ಲಿ ಈ ಪ್ರೊಫೆಸರರ ಹೆಸರೇ ದೊಡ್ಡದು. ನನಗೆ ಅವರಷ್ಟೇ ದೊಡ್ಡವರಾಗಿ ಕಾಣುವವರು ಇಬ್ಬರು ಸಾಮಾನ್ಯ ಹೆಂಗಸರು. ಗಂಟಿನಲ್ಲಿದ್ದ ಒಂದು ರವಿಕೆಯನ್ನು ಮೇರಿಯ ಮಲತಾಯಿಗೆ ತೋರಿಸಿದರು. ಕಂಕುಳ ಕೆಳಗಿದ್ದ ತೇಪೆ ನೋಡಿ, ಇದು ನಾನೇ ಹಾಕಿದ ತೇಪೆ ಎಂದಳು. ಇನ್ನೊಂದು ಮಕ್ಕಳ ಚಡ್ಡಿ. ಮೇರಿ ಮತ್ತು ಮಕ್ಕಳು ಒಮ್ಮೆ ಉಳಿದುಕೊಂಡಿದ್ದ ಮನೆಯಾಕೆ, ಎಲಾಸ್ಟಿಕ್ಕಿಗೆ ತಾನು ಹಾಕಿದ ಗಂಟನ್ನು ನೋಡಿ ಗುರುತು ಹೇಳಿದಳು. ಮುಖ ಅಳಿಸಿದ, ಬೆರಳು ತೆಗೆದ ಡಾಕ್ಟರಿಗೆ ಒಂದು ತೇಪೆ, ಒಂದು ಗಂಟು ಹೆಸರು ಹೇಳಬಲ್ಲವು ಎಂಬುದು ಹೊಳೆದಿರಲಿಲ್ಲ. 1936ರ ಮೇ 12ರಂದು ಅವನನ್ನು ಮ್ಯಾಂಚೆಸ್ಟರ್ ಜೈಲಿನಲ್ಲಿ ಗಲ್ಲಿಗೇರಿಸಿದರು.

ನಮ್ಮ ಬಂಟ್ವಾಳದ ಕೇಸಿನಲ್ಲೂ ಕೊನೆಗೆ ಕೈಹಿಡಿದದ್ದು ಇಂಥವೇ. ಆರೋಪಿ ಸಿಕ್ಕಮೇಲೆ ಪೊಲೀಸರು ಊರೂರಿನ ಬಸ್ ಸ್ಟ್ಯಾಂಡ್ ಠಾಣೆಗಳ ಹಳೇ ಯುಡಿಆರ್ ಕಡತ ತೆಗೆಸಿ, ಹೆಣದ ಫೋಟೊಗಳನ್ನು ಮನೆಯವರ ಮುಂದೆ ಇಟ್ಟರು. ವರ್ಷಗಟ್ಟಲೆ ‘ಎಲ್ಲೋ ಸಂಸಾರ ಮಾಡಿಕೊಂಡಿದ್ದಾಳೆ’ ಎಂದುಕೊಂಡಿದ್ದ ಅಪ್ಪ ಅಮ್ಮ, ಅಣ್ಣ ತಮ್ಮಂದಿರು ಆ ಫೋಟೊ ನೋಡಿ ಗುರುತು ಹೇಳಬೇಕಾಯಿತು. ಅಂದು ಯಾವನೋ ಕಾನ್‌ಸ್ಟೆಬಲ್ ಬೇಸರವಿಲ್ಲದೆ ಫೋಟೊ ತೆಗೆಸಿದ್ದ, ಕಡತ ಹಾಳಾಗದಂತೆ ಇಟ್ಟಿದ್ದ. ಅವನ ಹೆಸರು ಯಾವ ಸುದ್ದಿಯಲ್ಲೂ ಬಂದಿಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ಕೋರ್ಟು ಮೂರು ಕೇಸಿನಲ್ಲಿ ಗಲ್ಲು ಶಿಕ್ಷೆ ಕೊಟ್ಟಿತು. ಅವುಗಳಲ್ಲಿ ಒಂದನ್ನು 2017ರಲ್ಲಿ ಹೈಕೋರ್ಟು ಸಾಯುವತನಕ ಜೈಲು ಎಂದು ಬದಲಿಸಿತು. ಕೊನೆಯ, 20ನೇ ಕೇಸಿನ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಒಬ್ಬೊಬ್ಬರದೂ ಬೇರೆ ಕೇಸು, ಬೇರೆ ತೀರ್ಪು.

ಆ ಹೆಣ್ಣುಮಕ್ಕಳ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಮನೆಯವರು ಅದೇ ಊರುಗಳಲ್ಲಿ ಬದುಕುತ್ತಿದ್ದಾರೆ, ಅವರ ತಂಗಿಯರ ಮಕ್ಕಳ ಮದುವೆ ನಡೆಯಬೇಕು. ಹೆಸರು ಕೋರ್ಟಿಗೆ ಗೊತ್ತಿದೆ, ಮನೆಗೆ ಗೊತ್ತಿದೆ. ಅಷ್ಟು ಸಾಕು.

ಕಡತದಲ್ಲಿ ಫೋಟೊ ಇಲ್ಲದಿದ್ದರೆ, ಇದ್ದರೂ ಯಾರೂ ಗುರುತು ಹಿಡಿಯದಿದ್ದರೆ ಏನು ಮಾಡುವುದು? ಅದಕ್ಕೆ ಉತ್ತರ ಸಿಗಲು 65 ವರ್ಷ ಕಾದ ಒಂದು ಮಗುವಿನ ಕತೆ ಅಮೆರಿಕದ್ದು.

1957ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ನಗರದ ಹೊರವಲಯದ ಪೊದೆಯಲ್ಲಿ, ತೊಟ್ಟಿಲು ಬಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಕಂಬಳಿ ಸುತ್ತಿದ ಒಂದು ಗಂಡುಮಗುವಿನ ಹೆಣ ಸಿಕ್ಕಿತು. ನಾಲ್ಕರಿಂದ ಆರು ವರ್ಷದ ಹುಡುಗ. ಮೈತುಂಬ ಏಟು, ಹೊಟ್ಟೆಗಿಲ್ಲದ ದೇಹ, ಕೂದಲು ಮಾತ್ರ ಹೊಸದಾಗಿ ಕತ್ತರಿಸಿದ್ದು. ಮೊದಲು ನೋಡಿದವನು ಪ್ರಾಣಿ ಹಿಡಿಯಲು ಬೋನು ಇಟ್ಟಿದ್ದ ಯುವಕ. ಬೋನನ್ನು ಪೊಲೀಸರು ಕಿತ್ತುಕೊಂಡರೆ ಎಂದು ಹೆದರಿ ಸುಮ್ಮನಿದ್ದನಂತೆ. ಹೆಣ ನೋಡಿದವನು ಠಾಣೆ ಮೆಟ್ಟಿಲು ಹತ್ತಲು ಹೆದರುವುದು ನಮ್ಮೂರಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಪೊಲೀಸರು ಆ ಮಗುವಿನ ಮುಖದ ಚಿತ್ರವಿದ್ದ ಕರಪತ್ರವನ್ನು 4 ಲಕ್ಷ ಪ್ರತಿ ಅಚ್ಚು ಹಾಕಿಸಿದರು. ಗ್ಯಾಸ್ ಬಿಲ್ಲಿನ ಜೊತೆ ಮನೆಮನೆಗೆ ಕಳಿಸಿದರು. ಯಾರೂ ಬರಲಿಲ್ಲ. ಅನಾಥ ಶವಗಳ ಜಾಗದಲ್ಲಿ ಹೂಳಿ, ಪೊಲೀಸರೇ ದುಡ್ಡು ಹಾಕಿ ಒಂದು ಕಲ್ಲು ನೆಟ್ಟರು. ರೆಮಿಂಗ್ಟನ್ ಬ್ರಿಸ್ಟೋ ಎಂಬ ಶವಪರೀಕ್ಷೆ ಕಚೇರಿಯ ತನಿಖೆಗಾರ ನಿವೃತ್ತಿಯಾದಮೇಲೂ ಅದರ ಹಿಂದೆಯೇ ಅಲೆದು 1993ರಲ್ಲಿ ತೀರಿಕೊಂಡ. ಅವನಿಗೂ ಹೆಸರು ಸಿಗಲಿಲ್ಲ. 1998ರಲ್ಲಿ ಸಮಾಧಿ ಅಗೆದು ಡಿಎನ್ಎಗೆಂದು ತೆಗೆದುಕೊಂಡರು, 2019ರಲ್ಲಿ ಮತ್ತೊಮ್ಮೆ ಅಗೆದರು. ಹಳೆಯ ಎಲುಬಿನಿಂದ ಓದಲು ಬರುವಷ್ಟು ಡಿಎನ್ಎ ತೆಗೆಯುವುದಕ್ಕೇ ಬಹಳ ಕಷ್ಟವಾಯಿತು.

ಅದರಿಂದ ಹೆಸರು ಹೇಗೆ ಸಿಕ್ಕಿತು ಅನ್ನುವುದನ್ನು ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುತ್ತೇವಲ್ಲ, ಅದನ್ನೇ ತಿರುಗಿಸಿ ಮಾಡಿದಂತೆ. ಅಮೆರಿಕದಲ್ಲಿ ಲಕ್ಷಾಂತರ ಜನ ತಮ್ಮ ಮೂಲ ತಿಳಿಯುವ ಆಸೆಗೆ ದುಡ್ಡು ಕೊಟ್ಟು ಡಿಎನ್ಎ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಮಗುವಿನ ಡಿಎನ್ಎಯನ್ನು ಪೊಲೀಸರಿಗೆ ನೋಡಲು ಬಿಟ್ಟ ಅಂಥ ಪಟ್ಟಿಗಳ ಜೊತೆ ತಾಳೆ ನೋಡಿದಾಗ ದೂರದ ದಾಯಾದಿಗಳು ಸಿಕ್ಕರು. ಅವರ ಅಜ್ಜ ಯಾರು, ಮುತ್ತಜ್ಜ ಯಾರು, ಯಾವ ಕವಲಿನಲ್ಲಿ ಈ ವಯಸ್ಸಿನ ಮಗು ಹುಟ್ಟಿರಬಹುದು ಎಂದು ಜನನ ದಾಖಲೆ ಹುಡುಕುತ್ತ ಬಂದು ಒಂದು ಹೆಸರಿಗೆ ನಿಂತರು. 2022ರ ಡಿಸೆಂಬರ್ 8ರಂದು ಪೊಲೀಸರು ಅದನ್ನು ಹೇಳಿದರು: ಜೋಸೆಫ್ ಆಗಸ್ಟಸ್ ಝರೆಲ್ಲಿ, ಹುಟ್ಟಿದ್ದು 1953ರ ಜನವರಿ 13. ಅಂದರೆ ಸಾಯುವಾಗ ಅವನಿಗೆ ನಾಲ್ಕು ವರ್ಷ.

ಇಲ್ಲಿ ಗಮನಿಸಬೇಕಾದ ಒಂದು ಸಣ್ಣ ವಿಷಯ ಇದೆ. ಆ ಮಗುವನ್ನು ಹೂಳಿದ್ದರು, ಸುಟ್ಟಿರಲಿಲ್ಲ. ಯಾವ ಗುಂಡಿ ಎಂದು ಬರೆದಿಟ್ಟಿದ್ದರು. ಅದಕ್ಕೇ ಎರಡು ಸಲ ಅಗೆಯಲು ಆಯಿತು. ನಮ್ಮಲ್ಲಿ ಗುರುತು ಸಿಗದ ಹೆಣವನ್ನು ಸುಟ್ಟರೆ ಕತೆ ಅಲ್ಲಿಗೆ ಮುಗಿಯಿತು. ಹೂಳಿದರೂ ಯಾವ ಹೆಣ ಯಾವ ಗುಂಡಿ ಎಂಬ ಲೆಕ್ಕ ಸರಿಯಾಗಿ ಇರದಿದ್ದರೆ ಸುಟ್ಟಂತೆಯೇ. ಹಲ್ಲೊಂದನ್ನು ತೆಗೆದು ಹೆಸರು ಬರೆದ ಡಬ್ಬಿಯಲ್ಲಿಡಲು ದೊಡ್ಡ ಯಂತ್ರ ಬೇಕಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸ ನಿಂತಿರುವುದು ಇನ್ನೂ ಅರ್ಧ ದಾರಿಯಲ್ಲಿ. ದೆಹಲಿ ಮತ್ತು ಸುತ್ತಲಿನ ರಾಜ್ಯಗಳ ಪೊಲೀಸರು ಕಾಣೆಯಾದವರ ಪಟ್ಟಿ, ಅಪರಿಚಿತ ಶವಗಳ ಪಟ್ಟಿ ಎರಡನ್ನೂ ಒಂದೇ ಕಡೆ ಹಾಕುವ ಜಿಪ್‌ನೆಟ್ ಎಂಬ ಜಾಲವನ್ನು 2004ರಲ್ಲೇ ಶುರು ಮಾಡಿದ್ದರು. ದೇಶದ ಎಲ್ಲ ಠಾಣೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಸಿಸಿಟಿಎನ್ಎಸ್ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ, ಮೋಹನ್ ಸಿಕ್ಕಿಬಿದ್ದ ಅದೇ ವರ್ಷ. ಡಿಎನ್ಎ ಪಟ್ಟಿ ಮಾಡುವ ಮಸೂದೆಯೊಂದನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು. ಅಪರಿಚಿತ ಶವ, ಕಾಣೆಯಾದವರು ಇಬ್ಬರಿಗೂ ಅದರಲ್ಲಿ ಜಾಗವಿತ್ತು. ಜನರ ಡಿಎನ್ಎ ಸರ್ಕಾರದ ಕೈಯಲ್ಲಿ ಇರುವುದು ಸರಿಯೇ ಎಂಬ ವಾದ ಎದ್ದಿತು, ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. 2023ರಲ್ಲಿ ಮಸೂದೆಯನ್ನು ವಾಪಸ್ ಪಡೆದರು. ಹಾಗಾಗಿ ಇವತ್ತಿಗೂ ನಮ್ಮಲ್ಲಿ ಡಿಎನ್ಎ ಉಪಯೋಗಕ್ಕೆ ಬರುವುದು ಇಂಥ ಮನೆಯವರು ಇರಬಹುದು ಎಂದು ಮೊದಲೇ ಅನುಮಾನ ಬಂದಾಗ. ಅನುಮಾನ ಬರಬೇಕಾದರೆ ಯಾರೋ ಒಬ್ಬರು ಕಾಣೆ ಎಂದು ದೂರು ಕೊಟ್ಟಿರಬೇಕು.

ದೂರು ಕೊಡಲು 24 ಗಂಟೆ ಕಾಯಬೇಕು ಎಂದು ಹಳ್ಳಿಗಳಲ್ಲಿ ಇನ್ನೂ ಹೇಳುತ್ತಾರೆ. ಅಂಥ ಕಾನೂನು ಎಲ್ಲೂ ಇಲ್ಲ. ನಮ್ಮ ವ್ಯಾಪ್ತಿ ಅಲ್ಲ ಎಂದು ಠಾಣೆಯವರು ವಾಪಸ್ ಕಳಿಸುವಂತೆಯೂ ಇಲ್ಲ. ಕೊಲೆ, ಅಪಹರಣದಂಥ ದೂರನ್ನು ಯಾವ ಠಾಣೆಯಾದರೂ ಝೀರೋ ಎಫ್ಐಆರ್ ಎಂದು ಬರೆದುಕೊಂಡು ಮುಂದಕ್ಕೆ ಕಳಿಸಬೇಕು. ದೂರು ಬರೆಸುವಾಗ ‘ಗೋಧಿ ಮೈಬಣ್ಣ’ಕ್ಕೆ ನಿಲ್ಲಿಸಬೇಡಿ. ಹಲ್ಲು ಕೀಳಿಸಿದ್ದು, ಸಿಮೆಂಟ್ ತುಂಬಿಸಿದ್ದು, ಚಿಕ್ಕಂದಿನಲ್ಲಿ ಮುರಿದ ಮೂಳೆ, ಆಪರೇಷನ್ ಗಾಯ, ಹಚ್ಚೆ, ಅಂಗಿಯ ಕಾಲರಿನಲ್ಲಿರುವ ಟೈಲರ್ ಅಂಗಡಿ ಚೀಟಿ, ರವಿಕೆಗೆ ನೀವೇ ಹಾಕಿದ ತೇಪೆ, ಎಲ್ಲ ಬರೆಸಿ. ಬರೆದುಕೊಳ್ಳುವವರು ಬೇಸರ ಮಾಡಿಕೊಂಡರೂ ಬರೆಸಿ.

ಜೋಸೆಫನ 70ನೇ ಹುಟ್ಟುಹಬ್ಬದ ದಿನ, 2023ರ ಜನವರಿ 13ರಂದು, ಫಿಲಡೆಲ್ಫಿಯಾದ ಆ ಸಮಾಧಿಗೆ ಅವನ ಹೆಸರಿರುವ ಕಲ್ಲು ಹಾಕಿದರು. ಅವನನ್ನು ಕೊಂದವರು ಯಾರು ಎಂಬ ಕೇಸು ತೆರೆದೇ ಇದೆ.